ಟೂಕಿ ವಿಲಿಯಮ್ಸ್ ಆತ್ಮಕಥೆ ‘ಬ್ಲೂ ರೇಜ್, ಬ್ಲ್ಯಾಕ್ ರಿಡೆಂಪ್ಷನ್’: ಓದಿ, ಆದ್ರೆ ಇದೊಂದನ್ನೇ ಓದ್ಬೇಡಿ

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ, ಒಂದು ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ. ನಂಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಕಾಪಿ, ಮುಗ್ಸೋಕೆ ಎರಡು ವಾರ ಹಿಡೀತು, ಮಧ್ಯದಲ್ಲಿ ಎರಡ್ಮೂರು ದಿನ ಮುಟ್ಟೋಕೇ ಆಗ್ಲಿಲ್ಲ.

ಸ್ಟ್ಯಾನ್ಲಿ ಟೂಕಿ ವಿಲಿಯಮ್ಸ್ ಅಂದ್ರೆ ಲಾಸ್ ಏಂಜಲೀಸ್‌ನ ಕ್ರಿಪ್ಸ್ ಗ್ಯಾಂಗ್ ಕಟ್ಟಿದೋರಲ್ಲಿ ಒಬ್ಬ. 1953ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದಾಗ ತಾಯಿಗಿನ್ನೂ 17 ವರ್ಷ, ಅಪ್ಪ ಬಿಟ್ಟು ಹೋದ, 1959ರಲ್ಲಿ ಆ ತಾಯಿ ಮಗನ್ನ ಕರ್ಕೊಂಡು ಬಸ್ ಹತ್ತಿ ಲಾಸ್ ಏಂಜಲೀಸ್‌ಗೆ ಬಂದ್ಲು. ಅವ್ಳು ದುಡಿಯೋಕೆ ಹೋದ್ರೆ ಹುಡುಗ ಬೀದಿ ಪಾಲು. ಅಲ್ಲಿ ದೊಡ್ಡೋರು ನಾಯಿ ಜಗಳ ಆಡ್ಸಿ ದುಡ್ಡು ಕಟ್ತಿದ್ರು, ಗಾಯ ಆದ ನಾಯಿಗಳಿಗೆ ನೀರು ಕುಡ್ಸೋದು, ಗಾಯ ನೋಡ್ಕೊಳೋದು ಈ ಹುಡುಗನ ಕೆಲಸ, ಅದಕ್ಕೆ ಒಂದಿಷ್ಟು ಚಿಲ್ಲರೆ. ಆಮೇಲಾಮೇಲೆ ಅದೇ ಜನ ಹುಡುಗರನ್ನೇ ಹೊಡೆದಾಡೋಕೆ ಬಿಟ್ಟು ಅವರ ಮೇಲೂ ಬಾಜಿ ಕಟ್ಟಿದ್ರು, ಗೆದ್ದ ಹುಡುಗನಿಗೂ ಅದ್ರಲ್ಲಿ ಪಾಲು. ನಮ್ಮ ಕಡೆ ಕೋಳಿ ಅಂಕದಲ್ಲಿ ಬಾಜಿ ಕಟ್ಟೋದನ್ನ ಚಿಕ್ಕಂದಿನಿಂದ ನೋಡಿದೀನಿ, ಆದ್ರೆ ಕೋಳಿ ಜಾಗದಲ್ಲಿ ಒಂದು ಮಗು ನಿಂತಿರೋದನ್ನ ಊಹಿಸ್ಕೊಂಡಾಗ ಪುಸ್ತಕ ಮುಚ್ಚಿ ಎದ್ದುಬಿಟ್ಟೆ. ಬರೀ ಈ ಬಾಲ್ಯದ ಭಾಗಕ್ಕೇ ಕೊಟ್ಟ ದುಡ್ಡು ವಸೂಲ್.

1971ರಲ್ಲಿ ರೇಮಂಡ್ ವಾಷಿಂಗ್ಟನ್ ಜೊತೆ ಸೇರಿ ಕ್ರಿಪ್ಸ್. ಸುತ್ತಲ ಗ್ಯಾಂಗ್‌ಗಳ ಕಾಟ ತಡೆಯೋಕೆ ಅಂತ ಶುರು ಮಾಡಿದ್ದು ಕೊನೆಗೆ ಅವೆಲ್ಲಕ್ಕಿಂತ ದೊಡ್ಡ ಕಾಟ ಆಯ್ತು. ಆಮೇಲೆ ಡ್ರಗ್ಸ್, ಬಾಡಿಬಿಲ್ಡಿಂಗ್, ಹೊಡೆದಾಟ. ಈ ಭಾಗ ಸ್ವಲ್ಪ ಎಳೆದ ಹಾಗಿದೆ, ಬೇಗ ದಾಟ್ಕೊಂಡು ಹೋಗ್ಬಹುದು.

ಇಂಗ್ಲಿಷ್ ಬಗ್ಗೆ ಒಂದು ಮಾತು. ತುಂಬಾ ಭಾರವಾದ ಪದಗಳು, ಮೊದಮೊದಲು ನಂಗೆ ಕಿರಿಕಿರಿ ಆಯ್ತು. ಆದ್ರೆ ಸ್ಯಾನ್ ಕ್ವೆಂಟಿನ್ ಜೈಲಲ್ಲಿ ಆರೂವರೆ ವರ್ಷ ಒಂಟಿ ಸೆಲ್ಲಲ್ಲಿದ್ದಾಗ ಡಿಕ್ಷನರಿ ಇಟ್ಕೊಂಡು ಒಂದೊಂದೇ ಪದ ಕಲ್ತ ಕಥೆ ಬರುತ್ತಲ್ಲ, ಆಮೇಲೆ ಆ ಪದಗಳ ಮೇಲೆ ನಂಗೆ ಪ್ರೀತಿ ಬಂತು, ಸ್ಕೂಲಲ್ಲಿ ಸಿಗದೇ ಇದ್ದಿದ್ದನ್ನ ಅವನು ಅಲ್ಲಿ ಕೂತು ದುಡ್ಕೊಂಡಿದಾನೆ. ಅಲ್ಲಿಂದಾನೇ 1996ರಲ್ಲಿ ಮಕ್ಕಳಿಗೆ ಗ್ಯಾಂಗ್ ಸೇರ್ಬೇಡಿ ಅಂತ ಪುಸ್ತಕ ಬರೆದ, 1997ರಲ್ಲಿ ಕ್ರಿಪ್ಸ್ ಕಟ್ಟಿದ್ದಕ್ಕೆ ಕ್ಷಮೆ ಕೇಳ್ದ, ನೊಬೆಲ್ ಶಾಂತಿ ಪ್ರಶಸ್ತಿಗೂ ಹೆಸರು ಹೋಯ್ತು.

ಈಗ ಆ ಒಂದು ಸ್ಟಾರ್. 1979ರ ಫೆಬ್ರವರಿಯಲ್ಲಿ ಒಂದು ಸೆವೆನ್ ಇಲೆವೆನ್ ಅಂಗಡಿಯ 26 ವರ್ಷದ ಕೆಲಸಗಾರ, ಪಾರ್ಕಿಂಗ್ ಜಾಗ ಗುಡಿಸ್ತಿದ್ದೋನನ್ನ ಒಳಗೆ ಕರ್ಕೊಂಡು ಹೋಗಿ ಬೆನ್ನಿಗೆ ಗುಂಡು ಹೊಡೆದ್ರು. ಮಾರ್ಚಲ್ಲಿ ತೈವಾನ್‌ನಿಂದ ಬಂದು ಮೋಟೆಲ್ ನಡೆಸ್ತಿದ್ದ ವಯಸ್ಸಾದ ಗಂಡ ಹೆಂಡತಿ, ಜೊತೆಗೆ ಅವರ ಮಗಳು. ಸಿಕ್ಕಿದ್ದು ಎರಡು ಕಡೆಯಿಂದ ಇನ್ನೂರು ಚಿಲ್ಲರೆ ಡಾಲರ್. ಈ ನಾಲ್ಕೂ ಕೊಲೆಗೆ 1981ರಲ್ಲಿ ಅವನಿಗೆ ಮರಣದಂಡನೆ ಆಯ್ತು. ನಾನು ಮಾಡಿಲ್ಲ ಅಂತ ಕೊನೇವರೆಗೂ ಹೇಳ್ದ, ಸಾಕ್ಷಿ ಹೇಳಿದೋರಲ್ಲಿ ತಮ್ಮ ಶಿಕ್ಷೆ ತಪ್ಪಿಸ್ಕೊಳೋಕೆ ನೋಡ್ತಿದ್ದೋರೂ ಇದ್ರು ಅನ್ನೋದು ಅವನ ಪರ ಇದ್ದೋರ ವಾದ. ಕೋರ್ಟುಗಳು ಒಪ್ಪಲಿಲ್ಲ. ಇದು ಅವನ ಕಥೆ, ಅವನ ಕಡೆಯಿಂದ. ಆ ನಾಲ್ಕು ಜನರ ಮನೆಯೋರ ನೋವು ಇದ್ರಲ್ಲಿ ಸಿಗಲ್ಲ, ನಂಗೆ ಅದು ತುಂಬಾ ಕಾಡ್ತು.

ಅದಕ್ಕೇ ಕ್ಯಾಲಿಫೋರ್ನಿಯಾ ಗವರ್ನರ್ ಶ್ವಾರ್ಜ್‌ನೆಗರ್ 2005ರ ಡಿಸೆಂಬರ್ 12ಕ್ಕೆ ಅವನ ಪ್ರಾಣಭಿಕ್ಷೆ ಮನವಿ ತಿರಸ್ಕರಿಸಿ ಕೊಟ್ಟ ಹೇಳಿಕೆಯನ್ನೂ ಹುಡುಕಿ ಓದ್ದೆ, ಕೆಲವೇ ಪುಟ. ಕೊಲೆಗಳಿಗೆ ಕ್ಷಮೆನೇ ಕೇಳ್ದಿದ್ಮೇಲೆ ಮನಸ್ಸು ಬದಲಾಗಿದೆ ಅಂತ ಹೇಗೆ ನಂಬೋದು ಅನ್ನೋದು ಅದರ ತಿರುಳು. ಮಾಡೇ ಇಲ್ಲ ಅನ್ನೋನು ಹೇಗೆ ಕ್ಷಮೆ ಕೇಳ್ತಾನೆ ಅನ್ನೋದು ಇನ್ನೊಂದು ಕಡೆ. ಮಧ್ಯರಾತ್ರಿ ಕಳೆದ ಮೇಲೆ, 13ರಂದು, ವಿಷದ ಇಂಜೆಕ್ಷನ್ ಕೊಟ್ರು. ನಂಗನ್ಸೋದು, ಸಾಯಿಸ್ಬಾರ್ದಿತ್ತು, ಜೈಲಲ್ಲೇ ಇಟ್ಟು ಬರೆಯೋಕೆ ಬಿಡ್ಬೇಕಿತ್ತು. ಆದ್ರೆ ಆ ನಾಲ್ವರ ಮನೆಯೋರ ಮುಂದೆ ನಿಂತು ಇದನ್ನ ಹೇಳೋ ಧೈರ್ಯ ನಂಗಿಲ್ಲ.

ಹೈಸ್ಕೂಲ್ ಮಕ್ಕಳಿಗೆ ಕೊಡೋದಾದ್ರೆ ಜೊತೆಗೆ ಕೂತು ಓದ್ಸಿ, ಹೊಡೆದಾಟದ ಭಾಗ ಹೀರೋ ಕಥೆ ಥರ ಕಾಣೋ ಚಾನ್ಸ್ ಇದೆ. ನಾನು ಗವರ್ನರ್ ಹೇಳಿಕೆ ಪ್ರಿಂಟ್ ತೆಗ್ಸಿ ಮಡಚಿ ನನ್ನ ಕಾಪಿ ಒಳಗೇ ಇಟ್ಟಿದೀನಿ, ಯಾರು ಕೇಳಿದ್ರೂ ಎರಡನ್ನೂ ಸೇರ್ಸೇ ಕೊಡೋದು.