ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ? ದನಿ ತುಂಡಾದಾಗ ನಾನು ಮಾಡಿ ನೋಡಿದ್ದು

ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ದೊಡ್ಡಾಟದ ಪದಗಳನ್ನು ರೆಕಾರ್ಡ್ ಮಾಡುತ್ತೇನೆ. ಹಾರ್ಮೋನಿಯಂ, ಮದ್ದಳೆ, ತಾಳ, ಹಾಡುವವರ ದನಿ, ಎಲ್ಲ ಸೇರಿ ಎಂಟು ಟ್ರ್ಯಾಕ್. ಲಿನಕ್ಸ್ ಕಂಪ್ಯೂಟರ್, ಆರ್ಡರ್ (Ardour) ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆಫ್ ಮಾಡಿ, ಬೆವರು ಸುರಿಸುತ್ತಾ ತಾತ ಒಬ್ಬರು ಹಾಡುವಾಗ ನಡುವೆ 'ಟಕ್' ಎಂದು ದನಿ ತುಂಡಾದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಸಲ ಹಾಡಿ ಅನ್ನಲು ಬಾಯೇ ಬರುವುದಿಲ್ಲ.

ನನಗಿದ್ದದ್ದು ಎರಡು ಬೇರೆ ಬೇರೆ ಕಾಯಿಲೆ. ಒಂದು ಎಕ್ಸ್‌ರನ್, ಅಂದರೆ ಬಫರ್ (ದನಿಯನ್ನು ತುಸು ಹೊತ್ತು ಕೂಡಿಡುವ ಜಾಗ) ಮುಗಿಯುವುದರೊಳಗೆ ಪ್ರೊಸೆಸರ್ ಕೆಲಸ ಮುಗಿಸದೇ ಇರುವುದು. 'ಟಕ್' ಬರುವುದು ಇದರಿಂದ. ಇನ್ನೊಂದು, ಡಿಸ್ಕ್ ಬರೆದುಕೊಳ್ಳಲು ತಡ ಮಾಡುವುದು. ಆಗ ರೆಕಾರ್ಡಿಂಗೇ ನಿಂತುಬಿಡುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಒಂದು ತಿಂಗಳು ಇದನ್ನೇ ಕಲಸಿಕೊಂಡಿದ್ದೆ.

ಹಳೆಯದು ನಿಮಿಷಕ್ಕೆ 5400 ಸುತ್ತು ಸುತ್ತುವ ಹಾರ್ಡ್ ಡಿಸ್ಕ್. ಎಂಟು ಟ್ರ್ಯಾಕಿಗೆ ಸೆಕೆಂಡಿಗೆ ಬರೀ 1.5 ಎಂಬಿ ಸಾಕು, ಅಷ್ಟು ವೇಗ ಅದಕ್ಕೆ ಖಂಡಿತ ಇದೆ. ತೊಂದರೆ ಕಾಯುವುದರಲ್ಲಿ. ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಎಂಟು ಫೈಲು, ಜೊತೆಗೆ ಸಿಸ್ಟಮ್ಮಿನ ಫೈಲು, ಎಲ್ಲ ಕಡೆ ಅದರ ಹೆಡ್ ಓಡಾಡಬೇಕಲ್ವಾ? ಸಾಲದ್ದಕ್ಕೆ ಲಿನಕ್ಸ್ ಬರೆಯಬೇಕಾದದ್ದನ್ನು ಮೆಮೊರಿಯಲ್ಲಿ ಕೂಡಿಟ್ಟು ಒಮ್ಮೆಗೇ ಸುರಿಯುತ್ತದೆ. ಹಾಗೆ ಕೂಡಿಡುವುದರ ಮಿತಿಯನ್ನು 16 ಎಂಬಿಗೆ ಇಳಿಸಿದೆ, ಡಿಸ್ಕಿನ ಕೆಲಸಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವ ಶೆಡ್ಯೂಲರನ್ನು ಬಿಎಫ್‌ಕ್ಯೂ ಮಾಡಿದೆ. ಸಂಜೆಗೆ ನಾಲ್ಕೈದು ಸಲ ನಿಲ್ಲುತ್ತಿದ್ದದ್ದು ಒಂದಕ್ಕೆ ಬಂತು. ಪೈಸೆ ಖರ್ಚಿಲ್ಲ, ಆದರೆ ಆ ಒಂದು ಸಲವೂ ತಾತನ ಪದದ ನಡುವೆಯೇ ಬಂದರೆ?

ಆಮೇಲೆ, ಸುತ್ತುವ ತಟ್ಟೆಯೇ ಇಲ್ಲದೆ ಮೆಮೊರಿ ಚಿಪ್ಪುಗಳಲ್ಲಿ ಬರೆಯುವ ಸಾಟಾ ಎಸ್‌ಎಸ್‌ಡಿ ಹಾಕಿದೆ. ಯಾವ ಸೆಟ್ಟಿಂಗೂ ಮುಟ್ಟಲಿಲ್ಲ. ಮೂರು ಗಂಟೆ ರೆಕಾರ್ಡ್ ಮಾಡಿದರೂ ಒಂದು ಸಲವೂ ನಿಲ್ಲಲಿಲ್ಲ. ಇಲ್ಲಿ ಪೈಪೋಟಿಯೇ ಇಲ್ಲ. ಕೈಯಲ್ಲಿ ದುಡ್ಡಿಲ್ಲದವರು ಸಿಸ್ಟಮ್ ಒಂದು ಡಿಸ್ಕಿನಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ ಇಟ್ಟು ನೋಡಿ. ನನಗೆ ಸೆಟ್ಟಿಂಗುಗಳಿಗಿಂತ ಇದರಿಂದಲೇ ಜಾಸ್ತಿ ಉಪಯೋಗ ಆಯಿತು.

ಆದರೆ 'ಟಕ್' ಹೋಗಲಿಲ್ಲ. ಅದು ಡಿಸ್ಕಿನದಲ್ಲವಲ್ಲ. ಬಫರ್ 128 ಸ್ಯಾಂಪಲ್, ಅಂದರೆ ದನಿಯ 128 ಅಳತೆಗಳಷ್ಟು ಇತ್ತು. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ 48,000 ಹರ್ಟ್ಸ್‌ನಲ್ಲಿ ಪ್ರೊಸೆಸರಿಗೆ ಸಿಗುವುದು ಬರೀ 2.7 ಮಿಲಿಸೆಕೆಂಡ್. 512 ಮಾಡಿದೆ, 10.7 ಸಿಕ್ಕಿತು. ಪ್ರೊಸೆಸರಿನ ವೇಗ ನಿಯಂತ್ರಿಸುವ ಗವರ್ನರ್ ಎಂಬ ಸೆಟ್ಟಿಂಗನ್ನು 'ಪರ್ಫಾರ್ಮೆನ್ಸ್'ಗೆ ಹಾಕಿದೆ, ವೈಫೈ ಆಫ್ ಮಾಡಿದೆ. ದನಿ ಶುದ್ಧವಾಯಿತು.

ರಿಯಲ್‌ಟೈಮ್ ಕರ್ನಲ್ಲನ್ನೂ ನೋಡಿದೆ. ಕರ್ನಲ್ ಅಂದರೆ ಲಿನಕ್ಸಿನ ತಿರುಳು, ಈ ಬಗೆಯದು ತುರ್ತು ಕೆಲಸಕ್ಕೆ ತಡಮಾಡದೆ ಪ್ರೊಸೆಸರ್ ಬಿಟ್ಟುಕೊಡುತ್ತದೆ. ಅದರ ಕೋಡು 2024ರಿಂದ, 6.12ನೇ ಆವೃತ್ತಿಯಲ್ಲಿ, ಮುಖ್ಯ ಲಿನಕ್ಸಿನಲ್ಲೇ ಸೇರಿದೆ. ಬಫರ್ 64ರಲ್ಲಿ ಮಾಮೂಲಿ ಕರ್ನಲ್ ಚಟಪಟ ಅಂದಿತು, ಇದು ಅನ್ನಲಿಲ್ಲ. 512ರಲ್ಲಿ ಎರಡೂ ಒಂದೇ. ಬಫರ್ ದೊಡ್ಡದಾದಷ್ಟೂ ದನಿ ತಡವಾಗಿ ವಾಪಸು ಕೇಳುತ್ತದೆ. ಕಂಪ್ಯೂಟರಿನಿಂದ ಬರುವ ತಮ್ಮದೇ ದನಿ ಕೇಳುತ್ತಾ ಹಾಡುವವರಿದ್ದರೆ ಇದೇ ಬೇಕು. ನಮ್ಮ ಕೋಣೆಯಲ್ಲಿ ಹಾಡುವವರು ಹೆಡ್‌ಫೋನ್ ಹಾಕುವುದೇ ಇಲ್ಲ, ಮದ್ದಳೆಯವರ ಮುಖ ನೋಡಿಕೊಂಡೇ ಹಾಡುತ್ತಾರೆ. ಹಾಗಾಗಿ ಮಾಮೂಲಿ ಕರ್ನಲ್ಲೇ ಇಟ್ಟುಕೊಂಡಿದ್ದೇನೆ. ಹಳೆಯ ಡಿಸ್ಕ್ ಈಗ ಬ್ಯಾಕಪ್ಪಿಗೆ. ಎಲ್ಲರೂ ಎದ್ದು ಹೋದ ಮೇಲೆಯೇ ಕಾಪಿಗೆ ಹಾಕುತ್ತೇನೆ.