ಸ್ಮಾರಾ ಶಿಬಿರದಲ್ಲಿ ಕೊಂಡ ಮೆಲ್ಹಫಾ: ಉಟ್ಟು, ಒಗೆದು, ಆಮೇಲೆ ಬರೆದದ್ದು

ಈ ಬಟ್ಟೆ ಕೊಂಡು ನಾಲ್ಕು ತಿಂಗಳಾಯಿತು. ಆರೇಳು ಸಲ ಒಗೆದಿದ್ದೇನೆ. ಇನ್ನು ಬರೆಯಬಹುದು ಅನಿಸಿತು.

ಮೆಲ್ಹಫಾ ಅಂದರೆ ಸಹರಾವಿ ಹೆಂಗಸರು ದಿನಾ ಉಡುವ ಬಟ್ಟೆ. ಸಹರಾವಿಗಳು ಅಂದರೆ ಆಫ್ರಿಕಾದ ಪಶ್ಚಿಮ ಸಹಾರಾದ ಜನ. ಉದ್ದ ಹೆಚ್ಚುಕಡಿಮೆ ನಾಲ್ಕು ಮೀಟರ್. ಸೀರೆಗಿಂತ ಗಿಡ್ಡ, ಆದರೆ ಅಗಲ ಜಾಸ್ತಿ. ನಾನು ತಂದದ್ದು ತೆಳು ಹತ್ತಿಯದು, ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿದ ಕಡುನೀಲಿ. ಹೊಲಿಗೆ ಇಲ್ಲ, ಗುಂಡಿ ಇಲ್ಲ, ಪಿನ್ನೂ ಬೇಡ. ಭುಜದ ಹತ್ತಿರ ಎರಡು ಗಂಟು ಹಾಕಿ, ಉಳಿದದ್ದನ್ನು ಮೈಸುತ್ತ ತಂದು, ತುದಿಯನ್ನು ತಲೆ ಮೇಲೆ ಎಳೆದುಕೊಂಡರೆ ಮುಗಿಯಿತು. ಬಿಸಿಲಿಗೂ ಅದೇ, ಮರಳಿನ ಗಾಳಿಗೂ ಅದೇ.

ಕೊಂಡದ್ದು ಅಲ್ಜೀರಿಯಾದ ಟಿಂಡೂಫ್ ಹತ್ತಿರ ಇರುವ ಸ್ಮಾರಾ ನಿರಾಶ್ರಿತರ ಶಿಬಿರದಲ್ಲಿ. ಅಂಗಡಿ ಅಂದರೆ ಮಣ್ಣಿನ ಇಟ್ಟಿಗೆಯ ಒಂದೇ ಕೋಣೆ, ತಗಡಿನ ಬಾಗಿಲು. ಅಂಗಡಿಯಾಕೆ ಎಂಟು ಮೆಲ್ಹಫಾ ಬಿಡಿಸಿ ತೋರಿಸಿದರು, ಬೇಜಾರೇ ಮಾಡಿಕೊಳ್ಳಲಿಲ್ಲ. ಪ್ರತಿಯೊಂದನ್ನೂ ಬಾಗಿಲ ಹೊರಗೆ ಒಯ್ದು, ಬಿಸಿಲಿಗೆ ಹಿಡಿದು, ಎಲ್ಲಿ ಬಣ್ಣ ಸರಿಯಾಗಿ ಕೂತಿಲ್ಲ ಅಂತ ಅವರೇ ಬೆರಳಿಟ್ಟು ತೋರಿಸಿದರು. ಬಟ್ಟೆ ಇಲ್ಲಿಯದ್ದಲ್ಲ, ಮಾರಿಟೇನಿಯಾದಿಂದ ಬಂದದ್ದು ಅಂತಲೂ ಕೇಳುವ ಮೊದಲೇ ಹೇಳಿದರು. ಅಷ್ಟು ನೇರ ವ್ಯಾಪಾರ. ಅಲ್ಜೀರಿಯಾದ ದಿನಾರ್ ಕೊಟ್ಟೆ, ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಬಿಲ್ ಬೇಕು ಅಂದೆ. ಅವರ ಮಗಳು ಶಾಲೆಯ ನೋಟ್‌ಬುಕ್‌ನಿಂದ ಹಾಳೆ ಹರಿದು ಸ್ಪ್ಯಾನಿಷ್‌ನಲ್ಲಿ ಬರೆದುಕೊಟ್ಟಳು: ಮೆಲ್ಹಫಾ, ಒಂದು, ನೀಲಿ, ಸ್ಮಾರಾ.

ಆ ಚೀಟಿ ನನಗೆ ಯಾಕೆ ಮುಖ್ಯ ಅಂದರೆ, ಇದಕ್ಕೂ ಮೊದಲು ಪ್ರವಾಸಿಗರ ಊರೊಂದರ ದೊಡ್ಡ ಅಂಗಡಿಯಲ್ಲಿ ಇಂಥದ್ದೇ ಒಂದು ಕೊಂಡಿದ್ದೆ. ಅಗಲವನ್ನು ಅರ್ಧಕ್ಕೆ ಕತ್ತರಿಸಿ, ಅಂಚು ಹೊಲಿದು, ‘ಮೊರಾಕ್ಕೊ ಮರುಭೂಮಿ ಶಾಲು’ ಅಂತ ಚೀಟಿ ಅಂಟಿಸಿದ್ದರು. ಮೆಲ್ಹಫಾ ಅನ್ನುವ ಪದವೇ ಇಲ್ಲ, ಸಹರಾವಿ ಅನ್ನುವುದಂತೂ ದೂರದ ಮಾತು. ಕೇಳಿದರೆ, ಆ ಹೆಸರು ಯಾರಿಗೆ ಬೇಕು ಅಂದರು. ಮಾರಿಟೇನಿಯಾದ ಹೆಂಗಸರೂ ಇದನ್ನು ಉಡುತ್ತಾರೆ, ಹಸ್ಸಾನಿಯಾ ಅರಬಿ ಮಾತಾಡುವ ಕಡೆಯೆಲ್ಲ ಇದೆ, ಅದು ಗೊತ್ತು. ಒಬ್ಬರದೇ ಸೊತ್ತು ಅಂತ ನಾನೂ ಹೇಳುತ್ತಿಲ್ಲ. ಆದರೆ ಉಡುವವರ ಹೆಸರನ್ನು ಅಳಿಸಿ ಬಟ್ಟೆ ಮಾತ್ರ ಮಾರಿದರೆ ಹೇಗೆ?

ಸಹರಾವಿಗಳ ನೆಲವಾದ ಪಶ್ಚಿಮ ಸಹಾರಾದ ಬಹುಪಾಲು ಮೊರಾಕ್ಕೊ ಹಿಡಿತದಲ್ಲಿದೆ, ಅಲ್ಲಿ ಹೆಸರಿನದ್ದೇ ದೊಡ್ಡ ವಿಷಯ. 2009ರ ನವೆಂಬರ್‌ನಲ್ಲಿ ಸಹರಾವಿ ಹೋರಾಟಗಾರ್ತಿ ಅಮಿನಾಟೂ ಹೈದರ್ ತಮ್ಮೂರು ಲಾಯೂನ್‌ನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಫಾರ್ಮ್‌ನಲ್ಲಿ ತನ್ನ ನೆಲ ‘ಪಶ್ಚಿಮ ಸಹಾರಾ’ ಎಂದು ಬರೆದರು. ಅಷ್ಟಕ್ಕೇ ಮೊರಾಕ್ಕೊ ಅಧಿಕಾರಿಗಳು ಅವರನ್ನು ಸ್ಪೇನಿನ ಲಾನ್ಸರೋಟೆ ದ್ವೀಪಕ್ಕೆ ಸಾಗಿಸಿದರು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ 32 ದಿನ ಉಪವಾಸ ಕೂತ ಮೇಲೆಯೇ ಮನೆಗೆ ಬಿಟ್ಟದ್ದು. ಮೊರಾಕ್ಕೊದ 2011ರ ಸಂವಿಧಾನ ಹಸ್ಸಾನಿ (ಹಸ್ಸಾನಿಯಾ ಮಾತಾಡುವವರ) ಸಂಸ್ಕೃತಿಯನ್ನು ಕಾಪಾಡುತ್ತೇವೆ ಅನ್ನುತ್ತದೆ, ಆದರೆ ಮೊರಾಕ್ಕೊ ಗುರುತಿನ ಒಂದು ಭಾಗವಾಗಿ. ಇನ್ನೊಂದು ಕಡೆ ನೋಡಿ, 2024ರ ಅಕ್ಟೋಬರ್ 4ರಂದು ಯುರೋಪಿನ ಒಕ್ಕೂಟದ ನ್ಯಾಯಾಲಯ, ಪಶ್ಚಿಮ ಸಹಾರಾದಲ್ಲಿ ಬೆಳೆದ ಕರಬೂಜ ಮತ್ತು ಟೊಮೆಟೊ ಮೇಲೆ ಆ ಹೆಸರನ್ನೇ ಬರೆಯಬೇಕು, ಮೊರಾಕ್ಕೊ ಅಂತ ಅಲ್ಲ ಎಂದು ಹೇಳಿತು. ಟೊಮೆಟೊಗೆ ಸಿಕ್ಕ ಹೆಸರು ಈ ಬಟ್ಟೆಗೂ ಸಿಗಬೇಕು ಅಲ್ವಾ?

ಉಡುವುದು ಕಲಿಸಿದ್ದು ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ. ಅವರಿಗೆ ಹಸ್ಸಾನಿಯಾ, ಮೊಮ್ಮಗಳಿಗೆ ಸ್ಪ್ಯಾನಿಷ್ ಬರುತ್ತಿತ್ತು, ನನಗೆ ಬರುವ ಅಷ್ಟಿಷ್ಟು ಸ್ಪ್ಯಾನಿಷ್ ಸಾಕಾಯಿತು. ಟೀ ಮೂರು ಸುತ್ತು ಆಗುವ ತನಕ ಏಳಲು ಬಿಡಲಿಲ್ಲ. ಲೋಟದಿಂದ ಲೋಟಕ್ಕೆ ಮೇಲಿಂದ ಸುರಿದು ನೊರೆ ಬರಿಸುತ್ತಲೇ ಮಾತಾಡಿದರು. 1975ರ ಕೊನೆಯಲ್ಲಿ ಮೊರಾಕ್ಕೊ ಸೇನೆ ಬಂದಾಗ ಓಡಿ ಬಂದವರ ಹತ್ತಿರ ಡೇರೆಗಳೇ ಇರಲಿಲ್ಲವಂತೆ. ಹೆಂಗಸರು ಮೆಲ್ಹಫಾಗಳನ್ನೇ ಸೇರಿಸಿ ಹೊಲಿದು ಮಕ್ಕಳಿಗೆ ನೆರಳು ಮಾಡಿದರು. ಅದನ್ನು ಹೇಳುವಾಗ ಅಜ್ಜಿ ನನ್ನ ಹೊಸ ಬಟ್ಟೆಯ ಎರಡು ಅಂಚು ಜೋಡಿಸಿ ಹಿಡಿದು, ಎಷ್ಟು ದೂರ ದೂರಕ್ಕೆ ಹೊಲಿಗೆ ಹಾಕಿದ್ದರು ಅಂತ ಬೆರಳಲ್ಲಿ ತೋರಿಸಿದರು. ದಾರ ಕಮ್ಮಿ ಇತ್ತು. ಶಿಬಿರಗಳಿಗೆ ಬಿಟ್ಟುಬಂದ ಊರುಗಳ ಹೆಸರನ್ನೇ ಇಟ್ಟುಕೊಂಡಿದ್ದಾರೆ: ಲಾಯೂನ್, ದಖ್ಲಾ, ಔಸರ್ಡ್, ಬೂಜ್ದೂರ್, ಸ್ಮಾರಾ. ನಿಜವಾದ ಸ್ಮಾರಾ ಸುಮಾರು 2,700 ಕಿಲೋಮೀಟರ್ ಉದ್ದಕ್ಕೆ ಮೊರಾಕ್ಕೊ ಕಟ್ಟಿದ ಮರಳುಗೋಡೆಯ ಆಚೆ ಇದೆ, ನಡುವೆ ನೆಲಬಾಂಬುಗಳು. ಮೊಮ್ಮಗಳು ಆ ಊರನ್ನು ಇವತ್ತಿನವರೆಗೂ ನೋಡಿಲ್ಲ.

ಕೊರತೆಯನ್ನೂ ಹೇಳಬೇಕು. ಬಣ್ಣ ಬಿಡುತ್ತದೆ, ಚೆನ್ನಾಗಿಯೇ ಬಿಡುತ್ತದೆ. ಮೊದಲ ದಿನ ಸಂಜೆಗೆ ಕುತ್ತಿಗೆ, ಮೊಣಕೈ ಎಲ್ಲ ನೀಲಿ. ಅದು ಚರ್ಮಕ್ಕೆ ಒಳ್ಳೆಯದು ಅಂತ ಅಜ್ಜಿಗೆ ಖುಷಿ. ಬಿಸಿಲಲ್ಲಿ ಬಟ್ಟೆ ತೆಳುವಾಗಿ ಕಾಣುತ್ತದೆ, ಒಳಗೆ ಉದ್ದ ಲಂಗ ಹಾಕಿಕೊಳ್ಳಿ. ಅಭ್ಯಾಸ ಇಲ್ಲದಿದ್ದರೆ ಬೇಗ ಬೇಗ ನಡೆಯುವಾಗ ತಲೆಯಿಂದ ಜಾರುತ್ತದೆ. ಗಂಟು ಸಣ್ಣದಾಗಿ ಹಾಕಿದರೆ ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತದೆ, ತುದಿ ನಾಲ್ಕು ಬೆರಳಷ್ಟು ಹೊರಗೆ ಬಿಟ್ಟು ಬಿಗಿಯಿರಿ.

ನನಗಂತೂ ತುಂಬಾ ಇಷ್ಟವಾಗಿದೆ. ಕೊಳ್ಳುವವರಿದ್ದರೆ ಸಹರಾವಿ ಹೆಂಗಸರ ಕೈಯಿಂದಲೇ ಕೊಳ್ಳಿ, ಹಣ ಅವರಿಗೇ ಹೋಗಲಿ. ಬೇರೆ ಕಡೆ ಸಿಕ್ಕರೆ ಇದು ಯಾರು ಉಡುವ ಬಟ್ಟೆ ಅಂತ ಅಂಗಡಿಯವರನ್ನು ಕೇಳಿ, ಸುಮ್ನೆ ಬರಬೇಡಿ. ಕತ್ತರಿಸಿ ಪರದೆ, ದಿಂಬಿನ ಕವರ್ ಮಾಡಬೇಡಿ. ಮೊದಲ ಮೂರು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ, ನೆರಳಲ್ಲಿ ಒಣಗಿಸಿ.