ಕಂದಾಯ ಬಾಕಿ ‘ಸೆಟ್ಲ್’ ಮಾಡಿಸ್ತೀನಿ ಅನ್ನೋರ ಕೈಗೆ ಹಳೇ ರಸೀದಿ ಕೊಡಬೇಡಿ

ಕೊಪ್ಪಳದಲ್ಲಿ ಮನೆ ಇರುವವರು, ಅದರಲ್ಲೂ ಮನೆ ಇನ್ನೂ ಅಪ್ಪನ ಹೆಸರಲ್ಲೇ ಇರುವವರು, ದಯವಿಟ್ಟು ಓದಿ. ಕಂದಾಯದ ಬಾಕಿ ಸೆಟ್ಲ್ ಮಾಡಿಸ್ತೀನಿ, ದಂಡ ಮನ್ನಾ ಮಾಡಿಸ್ತೀನಿ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಹಳೇ ರಸೀದಿಗಳನ್ನಂತೂ ಕೊಡಲೇಬೇಡಿ. ನನ್ನ 18,000 ರೂಪಾಯಿ ಹೋಯಿತು. ಹೋಗಲಿ ಬಿಡಿ, ದುಡ್ಡು ಇವತ್ತಲ್ಲ ನಾಳೆ ದುಡೀಬಹುದು. ರಸೀದಿ ಎಲ್ಲಿಂದ ತರಲಿ?

ಅಕ್ಕ ಮತ್ತು ನನ್ನ ನಡುವೆ ಮನೆಯ ಪಾಲು ಪತ್ರ ಆಗಬೇಕಿತ್ತು. ಈಗ ಇ-ಖಾತಾ (ಆಸ್ತಿಯ ಕಂಪ್ಯೂಟರ್ ದಾಖಲೆ) ಇಲ್ಲದೆ ನೋಂದಣಿ ಇಲ್ಲ, ಕಂದಾಯ ಬಾಕಿ ಇದ್ದರೆ ಇ-ಖಾತಾ ಇಲ್ಲ. ಇದು ಎಲ್ಲರಿಗೂ ಗೊತ್ತಿರೋದೇ. ನಗರಸಭೆಯ ಕಂಪ್ಯೂಟರ್‌ನಲ್ಲಿ ನೋಡಿದರೆ ವರ್ಷಾನುಗಟ್ಟಲೆ ಬಾಕಿ. ಅಪ್ಪ ತೀರಿಕೊಂಡ ಮೇಲಿನದು ಸರಿ, ಖಾತಾ ಬದಲಾವಣೆ ಆಗಲಿ ಅಂತ ನಿಂತಿತ್ತು. ಆದರೆ ಅದಕ್ಕೂ ಹಿಂದಿನದು? ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ ಅಂತ ಯುಗಾದಿ ಮುಗಿದ ಕೂಡಲೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ ಮನುಷ್ಯ ನಮ್ಮಪ್ಪ! ಪ್ರತಿ ರಸೀದಿ ಹಿಂದೆ ಪೆನ್ಸಿಲ್‌ನಲ್ಲಿ ‘ಮನಿ ಕಂದಾಯ ಮುಟ್ಟೇತಿ’ ಅಂತ ಬರೆದು ಇಸವಿ ಹಾಕಿಡುತ್ತಿದ್ದರು. ಆ ಕೈಬರಹದ ರಸೀದಿಗಳು ಕಂಪ್ಯೂಟರ್‌ಗೆ ಏರಿಲ್ಲ, ಅಷ್ಟೇ. ಏರದ ವರ್ಷಕ್ಕೆಲ್ಲ ತಿಂಗಳಿಗೆ ಶೇ. 2 ರಂತೆ ದಂಡ ಬೆಳೆದಿತ್ತು. ಜೊತೆಗೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಬೇರೆ.

ಆಗ ಸಿಕ್ಕವನು ಈ ಏಜೆಂಟ್. ಝೆರಾಕ್ಸ್ ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಬಾಯಿ ತುಂಬಾ ‘ಸರ, ಸರ’.

‘ಸರ, ಬೆಂಗಳೂರಾಗ ಬಡ್ಡಿ ಮನ್ನಾ ಮಾಡ್ಯಾರ, ಪೇಪರ್‌ನಾಗ ಓದಿಲ್ಲೇನ್ರಿ? ಇಲ್ಲೂ ಮಾಡಿಸ್ತೀನಿ. ಅಸಲಷ್ಟ ಕಟ್ಟಿದ್ರ ಸಾಕು.’

ಬೆಂಗಳೂರಿನಲ್ಲಿ 2024ರಲ್ಲಿ ಅಂಥದ್ದೊಂದು ಯೋಜನೆ ಇದ್ದದ್ದು ನಿಜ. ನಾನೂ ಓದಿದ್ದೆ. ಅದಕ್ಕೇ ನಂಬಿಕೆ ಬಂತು. ಅದು ಆ ಊರಿನ ಪಾಲಿಕೆಗೆ ಸರ್ಕಾರ ಮಾಡಿದ್ದು, ಅಲ್ಲಿನ ಕಾನೂನೇ ಬೇರೆ. ನಮ್ಮ ಊರಿಗೆ 1964ರ ಪುರಸಭೆಗಳ ಕಾಯ್ದೆ. ದಂಡ ಬಿಡಬೇಕಾದರೆ ಸರ್ಕಾರದ ಆದೇಶವೇ ಬರಬೇಕು, ಬಂದರೆ ಊರಿಗೆಲ್ಲ ಬರುತ್ತದೆ. ನನ್ನೊಬ್ಬನಿಗೆ ಗುಟ್ಟಾಗಿ ಬರಲ್ಲ. ಇದನ್ನ ನನಗೆ ಆಮೇಲೆ ಕಂದಾಯ ವಿಭಾಗದವರೇ ಬಿಡಿಸಿ ಹೇಳಿದರು.

ದುಡ್ಡು ಫೋನ್‌ಪೇ ಮಾಡ್ತೀನಿ ಅಂದರೆ ‘ಬ್ಯಾಡ್ರಿ ಸರ, ಕ್ಯಾಶ್ ಕೊಡ್ರಿ, ಒಳಗ ಕ್ಯಾಶೇ ನಡೀತೈತಿ’ ಅಂದ. ರಸೀದಿಯ ಝೆರಾಕ್ಸ್ ಕೊಡ್ತೀನಿ ಅಂದರೆ ‘ಒರಿಜಿನಲ್ ನೋಡಲಾರ್ದ ಸಾಹೇಬ್ರು ಸಹಿ ಮಾಡಂಗಿಲ್ರಿ’ ಅಂದ. ಝೆರಾಕ್ಸ್ ಅಂಗಡಿ ಮುಂದೆ ಕೂತು ಹೇಳೋ ಮಾತಾ ಇದು! ಅಮ್ಮ ಸೀರೆ ಅಂಗಡಿಯ ಕವರ್‌ನಲ್ಲಿ ಜೋಡಿಸಿಟ್ಟಿದ್ದ ರಸೀದಿಗಳನ್ನ ಕವರ್ ಸಮೇತ ಇಸಿದುಕೊಂಡ.

ಆಮೇಲೆ ಶುರುವಾಯಿತು. ‘ಸರ್ವರ್ ಡೌನ್ ಐತ್ರಿ.’ ‘ಸಾಹೇಬ್ರು ಮೀಟಿಂಗ್‌ನಾಗ ಅದಾರ.’ ‘ಎಲ್ಲಾರೂ ಜಾತ್ರಿ ಡ್ಯೂಟಿ ಮ್ಯಾಲ ಅದಾರ, ಅಜ್ಜನ ಜಾತ್ರಿ ಮುಗೀಲಿ ತಡೀರಿ.’ ಗವಿಮಠದ ಜಾತ್ರೆ ಮುಗಿಯಿತು. ತೇರು ಎಳೆದಾಯಿತು, ದಾಸೋಹ ಮುಗಿಯಿತು, ಅಂಗಡಿಗಳೂ ಎದ್ದವು. ಇವನ ಸರ್ವರ್ ಮಾತ್ರ ಏಳಲಿಲ್ಲ.

ಕೊನೆಗೆ ಒಂದು ಚಲನ್ ತಂದುಕೊಟ್ಟ. ಅಪ್ಪನ ಹೆಸರು, ಸೀಲು, ಚಲನ್ ನಂಬರ್ ಎಲ್ಲ ಇತ್ತು. ಅಕ್ಕನ ಗಂಡನನ್ನೂ ಕರೆದುಕೊಂಡು ಇ-ಖಾತಾ ಅರ್ಜಿ ಕೊಡಲು ಹೋದೆ. ಕೌಂಟರ್‌ನಲ್ಲಿದ್ದ ಹುಡುಗಿ ಆ ನಂಬರ್ ಹೊಡೆದಳು. ಚಲನ್ ನೋಡಿದಳು, ಮತ್ತೆ ಹೊಡೆದಳು. ಆಮೇಲೆ ಪರದೆಯನ್ನ ನನ್ನ ಕಡೆ ತಿರುಗಿಸಿದಳು. ಅಲ್ಲಿ ಬೇರೆ ಯಾರದೋ ಹೆಸರು, ಬೇರೆ ಆಸ್ತಿ ನಂಬರ್, ಬೇರೆ ವಾರ್ಡ್.

‘ಈ ಚಲನ್ ನಿಮ್ದಲ್ರಿ. ಹೆಸರಷ್ಟ ತಿದ್ದಿ ಪ್ರಿಂಟ್ ತಗ್ದಾರ. ಯಾರು ಕೊಟ್ರು ಇದನ್ನ?’

ಸ್ವಲ್ಪ ಮೆಲ್ಲಗೆ ಹೇಳಬಾರದಿತ್ತಾ? ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು, ನಾನೇ ನಕಲಿ ಮಾಡಿಕೊಂಡು ಬಂದವನ ಹಾಗೆ. ಅಕ್ಕನ ಗಂಡ ಅಲ್ಲೇ, ಅಷ್ಟೂ ಜನರ ಮುಂದೆ, ‘ಏನಪಾ, ರೊಕ್ಕ ಕಟ್ಟೀನಿ ಅಂದಿದ್ದಿ?’ ಅಂದರು. ಪಾಲಿನ ದುಡ್ಡು ನುಂಗಿದೆ ಅನ್ನೋ ಅರ್ಥ ಅದರಲ್ಲಿತ್ತು. ಇವತ್ತಿಗೂ ಅವರು ನನ್ನ ಮುಖ ನೋಡಿ ಸರಿಯಾಗಿ ಮಾತಾಡಲ್ಲ.

ಅವನಿಗೆ ಫೋನ್ ಮಾಡಿದೆ. ಮೊದಲು ‘ಟೈಪಿಂಗ್ ಮಿಸ್ಟೇಕ್ ಇರ್ಬೇಕ್ರಿ’ ಅಂದ. ಆಮೇಲೆ ‘ನಾ ಬರೇ ಒಳಗ ಕೊಟ್ಟೀನಿ, ಮಾಡ್ದವ್ರು ಬ್ಯಾರೆ’ ಅಂದ. ದುಡ್ಡು ಬೇಡ ಮಾರಾಯ, ರಸೀದಿ ಕೊಡು ಅಂದೆ. ಆಗ ಬಂತು ನೋಡಿ ಮಾತು: ‘ಯಾವ ರಸೀದ್ರಿ? ನೀವು ಕೊಟ್ಟಿದ್ದಕ್ಕ ಸಾಕ್ಷಿ ಏನೈತಿ?’ ಅಲ್ಲಿಯವರೆಗೆ ‘ಸರ, ಸರ’ ಅಂತಿದ್ದವನು ಸರ ಅನ್ನೋದನ್ನೇ ಬಿಟ್ಟಿದ್ದ. ಈಗ ನನ್ನ ನಂಬರ್ ಬ್ಲಾಕ್.

ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ಆ ನಕಲಿ ಚಲನ್ ಜೊತೆಗೆ. ಕಂದಾಯ ಹಿಂದೆಯೇ ಕಟ್ಟಿದ್ದು ನಿಜವೇ ಆಗಿದ್ದರೆ ದಾರಿ ಇದೆ, ಅದಕ್ಕೆ ಏಜೆಂಟ್ ಬೇಕಾಗಿಲ್ಲ. ಯಾವ ಯಾವ ವರ್ಷ ತಪ್ಪಾಗಿ ಬಾಕಿ ತೋರಿಸಿದ್ದಾರೆ ಅಂತ ಪೌರಾಯುಕ್ತರಿಗೆ ಅರ್ಜಿ ಬರೆದು, ರಸೀದಿ ಝೆರಾಕ್ಸ್ ಹಚ್ಚಿ, ಅರ್ಜಿಯ ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಬಾಯಿ ಮಾತಿಗೆ ಅಲ್ಲಿ ಬೆಲೆ ಇಲ್ಲ. ಝೆರಾಕ್ಸೂ ಇಲ್ಲದ ನನ್ನಂಥವರಿಗೆ ಉಳಿದಿರೋದು ನಗರಸಭೆಯ ಹಳೇ ವಸೂಲಿ ವಹಿ, ಅಂದರೆ ಯಾರು ಕಂದಾಯ ಕಟ್ಟಿದರು ಅಂತ ಬರೆದಿಡುವ ಪುಸ್ತಕ. ಅದರ ನಕಲು ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದ್ದೇನೆ. 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ಅಕ್ಕನ ಮೊಬೈಲ್‌ನಲ್ಲಿ ಯಾವುದೋ ಕಾಲದ ಒಂದು ರಸೀದಿಯ ಫೋಟೋ ಸಿಕ್ಕಿತು. ಒಂದೇ ಒಂದು. ಅದನ್ನ ತೋರಿಸಿದ್ದಕ್ಕೆ ಆ ವರ್ಷದ ಬಾಕಿ ಪರಿಶೀಲಿಸ್ತೀವಿ ಅಂದಿದ್ದಾರೆ. ಯಾರಾದರೂ ಚಲನ್ ತಂದುಕೊಟ್ಟರೆ ನಂಬರನ್ನ ಕೌಂಟರ್‌ನಲ್ಲಿ ಹೊಡೆಸಿ ನೋಡದೆ ಅವನಿಗೆ ಚಹಾ ಕೂಡ ಕುಡಿಸಬೇಡಿ.

ನಿನ್ನೆ ಗೆಳೆಯನ ಫೋನಿನಲ್ಲಿ ಅವನ ಸ್ಟೇಟಸ್ ನೋಡಿದೆ. ‘ಇ-ಖಾತಾ, ಕಂದಾಯ ಬಾಕಿ, ದಂಡ ಮನ್ನಾ, ಎಲ್ಲಾ ಕೆಲಸ ಮಾಡಿಕೊಡಲಾಗುವುದು. ಒರಿಜಿನಲ್ ದಾಖಲೆಗಳೊಂದಿಗೆ ಸಂಪರ್ಕಿಸಿ.’